ಜನರಿಗೆ ಲಾಕ್‌ಡೌನ್ ನಿಜಕ್ಕೂ ಬೇಡವಾಗಿತ್ತಾ?

ಪ್ರಶ್ನೆ: ಮೇಡಂ, ಕೋವಿಡ್ ಕಾಲದ ನಿರ್ಬಂಧಗಳ ಮಾತು ಬಂದರೆ ನಮ್ಮ ಮನೆಯಲ್ಲಿ ಜಗಳ ಗ್ಯಾರಂಟಿ. "ಜನರಿಗೆ ಅದು ಯಾವತ್ತೂ ಬೇಕಿರಲಿಲ್ಲ, ಹೆದರಿಸಿ ಒಪ್ಪಿಸಿದರು" ಅಂತಾನೆ ಅಣ್ಣ. "ಮೊದಲು ಎಲ್ಲರೂ ಒಪ್ಪಿದ್ದರು, ಆಮೇಲೆ ಬೇಜಾರಾಗಿ ಬಿಟ್ಟರು" ಅನ್ನುವುದು ನನ್ನ ನೆನಪು. ಯಾರು ಸರಿ? ತಿಂಗಳುಗಟ್ಟಲೆ ನಿರ್ಬಂಧ ಇದ್ದರೆ ಜನ ಸುಸ್ತಾಗಿ ಕೈಬಿಡುತ್ತಾರೆ ಅನ್ನುವುದು ನಿಜವಾ? ಮುಂದೆ ಇಂಥದ್ದೇ ಇನ್ನೊಂದು ಬಂದರೆ ಜನ ಮಾತು ಕೇಳುತ್ತಾರಾ?

ಉತ್ತರ: ಇಬ್ಬರದ್ದೂ ಅರ್ಧರ್ಧ ಸರಿ ಎಂದು ಹೇಳಿಬಿಟ್ಟರೆ ನಿಮ್ಮ ಮನೆಯಲ್ಲಿ ಶಾಂತಿ ಇರುತ್ತದೆ. ಆದರೆ ಆಗಿನ ಸಮೀಕ್ಷೆಗಳು ಹಾಗೆ ಹೇಳುವುದಿಲ್ಲ. ಮೊದಲ ವರ್ಷದ ಮಟ್ಟಿಗೆ ನಿಮ್ಮ ಅಣ್ಣನ ಮಾತು ತಪ್ಪು. ನಿಮ್ಮ ಮಾತಿನ ಮೊದಲರ್ಧ ಸರಿ. "ಬೇಜಾರಾಗಿ ಬಿಟ್ಟರು" ಅಂದಿರಲ್ಲ, ತೊಡಕು ಇರುವುದು ಅಲ್ಲಿ. ನಾನೂ ಅಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಮೊದಲು ಅಣ್ಣನ ಮಾತು. ಬ್ರಿಟನ್ನಿನಲ್ಲಿ 2020ರ ಮಾರ್ಚ್ 23ರ ರಾತ್ರಿ ಪ್ರಧಾನಿ ಟೀವಿಯಲ್ಲಿ ಕಾಣಿಸಿಕೊಂಡು, ಎಲ್ಲರೂ ಮನೆಯಲ್ಲೇ ಇರಿ ಅಂದರು. ಮರುದಿನ ಯೂಗವ್ ಸಂಸ್ಥೆ ಜನರ ಅಭಿಪ್ರಾಯ ಕೇಳಿತು. ಶೇ. 93ರಷ್ಟು ಮಂದಿ ಬೆಂಬಲ ಇದೆ ಅಂದರು. ಒಂದು ಸರ್ಕಾರದ ತೀರ್ಮಾನಕ್ಕೆ, ಅದೂ ಮನೆಯಿಂದ ಹೊರಬರಬೇಡಿ ಎಂಬ ತೀರ್ಮಾನಕ್ಕೆ, ಇಷ್ಟು ಜನ ತಲೆಯಾಡಿಸುವುದನ್ನು ಸಮೀಕ್ಷೆ ಮಾಡುವವರು ತಮ್ಮ ಇಡೀ ವೃತ್ತಿಯಲ್ಲಿ ಒಂದೆರಡು ಸಲ ನೋಡಿದರೆ ಹೆಚ್ಚು.

ಸಮೀಕ್ಷೆಯಲ್ಲಿ ಬಾಯಿಮಾತಿಗೆ ಹೌದು ಅಂದಿರಬಹುದು, ಅಲ್ವಾ? ಹಾಗಾದರೆ ಕಾಲು ಎತ್ತ ಹೋಯಿತು ಅಂತ ನೋಡೋಣ. ಶಿಕಾಗೊ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು, ಆಸ್ಟನ್ ಗೂಲ್ಸ್‌ಬಿ ಮತ್ತು ಚಾಡ್ ಸೈವರ್ಸನ್, 2020ರಲ್ಲಿ ಅಮೆರಿಕದ ಮೊಬೈಲ್ ಫೋನ್ ಮಾಹಿತಿ ಇಟ್ಟುಕೊಂಡು ಒಂದು ಲೆಕ್ಕ ಮಾಡಿದರು. ಅಕ್ಕಪಕ್ಕದ ಎರಡು ಆಡಳಿತ ಪ್ರದೇಶಗಳನ್ನು ತೆಗೆದುಕೊಂಡರು. ಒಂದರಲ್ಲಿ ಮನೆಯಲ್ಲಿರಿ ಎಂಬ ಆದೇಶ ಬಂದಿದೆ, ಇನ್ನೊಂದರಲ್ಲಿ ಬಂದಿಲ್ಲ. ಅಂಗಡಿಗಳಿಗೆ ಬರುವ ಜನ ಎಲ್ಲಿ ಎಷ್ಟು ಕಡಿಮೆಯಾದರು ಎಂದು ಹೋಲಿಸಿದರು. ಒಟ್ಟು ಓಡಾಟ ಶೇ. 60ರಷ್ಟು ಇಳಿದಿತ್ತು. ಆ 60ರಲ್ಲಿ ಸರ್ಕಾರಿ ಆದೇಶದಿಂದ ಇಳಿದದ್ದು 7 ಮಾತ್ರ. ಉಳಿದವರು ಆದೇಶ ಬರುವ ಮೊದಲೇ, ಅಥವಾ ಆದೇಶ ಇಲ್ಲದೆಯೂ, ತಾವಾಗಿಯೇ ಮನೆ ಸೇರಿದ್ದರು. ಸೋಂಕಿನ ಸುದ್ದಿ ಸಾಕಾಗಿತ್ತು. ಕಡ್ಡಾಯ ಲಾಕ್‌ಡೌನ್ ಮಾಡದ ಸ್ವೀಡನ್ನಿನಲ್ಲೂ ಓಡಾಟ ಇಳಿಯಿತು.

ಹಾಗಾಗಿ ಹೆದರಿಕೆ ಇತ್ತು ಅನ್ನುವಲ್ಲಿ ನಿಮ್ಮ ಅಣ್ಣ ಸರಿ. ಆದರೆ ಆ ಹೆದರಿಕೆ ಮುಖ್ಯವಾಗಿ ರೋಗದ್ದು. ಕಾನೂನು ಅದರ ಹಿಂದೆ ಬಂತು. ಇದರ ಇನ್ನೊಂದು ಮಗ್ಗುಲನ್ನೂ ಅವರಿಗೆ ಹೇಳಿ. ಆದೇಶ ತೆಗೆದ ಕೂಡಲೇ ಜನ ದಂಡುಕಟ್ಟಿ ಹೊರಗೆ ಬರಲಿಲ್ಲ. ಅದೇ ಅಧ್ಯಯನದಲ್ಲಿ, ನಿರ್ಬಂಧ ಸಡಿಲಿಸಿದ ಕಡೆಯೂ ವ್ಯಾಪಾರ ಚೇತರಿಸಿದ್ದು ಅಲ್ಪಸ್ವಲ್ಪ.

ಈಗ ಸುಸ್ತಿನ ವಿಷಯ. ಇದಕ್ಕೊಂದು ಹಿನ್ನೆಲೆ ಇದೆ. 2020ರ ಮಾರ್ಚ್ ಮೊದಲರ್ಧದಲ್ಲಿ ಬ್ರಿಟನ್ ಸರ್ಕಾರ ಬಿಗಿ ಕ್ರಮಕ್ಕೆ ಕೈಹಾಕದೆ ಕಾಯುತ್ತಿತ್ತು. ತುಂಬಾ ಬೇಗ ಶುರು ಮಾಡಿದರೆ ಜನ ಬೇಗ ದಣಿಯುತ್ತಾರೆ, ಸೋಂಕು ಏರುವ ಹೊತ್ತಿಗೆ ಸರಿಯಾಗಿ ಕೈಬಿಡುತ್ತಾರೆ ಎಂಬುದು ಆಗ ಕೊಟ್ಟ ಕಾರಣಗಳಲ್ಲಿ ಒಂದು. ಇದನ್ನು ಕೇಳಿ ನಡವಳಿಕೆ ವಿಜ್ಞಾನದ 600ಕ್ಕೂ ಹೆಚ್ಚು ಸಂಶೋಧಕರು ಬಹಿರಂಗ ಪತ್ರ ಬರೆದರು. ಇದಕ್ಕೆ ಪುರಾವೆ ಇದ್ದರೆ ತೋರಿಸಿ ಎಂದು ಕೇಳಿದರು. ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದ ನಡವಳಿಕೆ ತಜ್ಞರಲ್ಲೇ ಕೆಲವರು, ಈ ಮಾತು ನಮ್ಮಿಂದ ಹೋದದ್ದಲ್ಲ ಅಂದರು. ಸಾಮಾನ್ಯ ಜನರ ತಾಳ್ಮೆಯ ಬಗ್ಗೆ ಅಧಿಕಾರದಲ್ಲಿ ಇರುವವರಿಗೆ ಇರುವ ಅಂದಾಜು ಯಾವಾಗಲೂ ಸ್ವಲ್ಪ ಕಡಿಮೆಯೇ ಎಂದು ನನಗೆ ಅನಿಸುತ್ತದೆ.

ಆಮೇಲೆ ನಿಜಕ್ಕೂ ಏನಾಯಿತು? 2020ರ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ 14 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿ ಕೊಟ್ಟ ಉತ್ತರಗಳನ್ನು ಒಟ್ಟುಹಾಕಿ ನೋಡಿದ ಒಂದು ಅಧ್ಯಯನ ಇದೆ. ಮರುವರ್ಷ ನೇಚರ್ ಬಳಗದ ವಿಜ್ಞಾನ ಪತ್ರಿಕೆಯೊಂದರಲ್ಲಿ ಬಂತು. ಅದರಲ್ಲಿ ಕಂಡದ್ದು ಎರಡು ಬೇರೆ ಬೇರೆ ಗೆರೆ. ಮಾಸ್ಕ್ ಹಾಕುವವರ ಪ್ರಮಾಣ ತಿಂಗಳು ಕಳೆದಂತೆ ಏರುತ್ತಾ ಹೋಯಿತು. ಜನರಿಂದ ದೂರ ಇರುವುದು, ಭೇಟಿ ತಪ್ಪಿಸುವುದು, ಇಂಥವು ಮೊದಲ ಏರಿನಿಂದ ಸ್ವಲ್ಪ ಇಳಿದು, ಕೊನೆಯ ತಿಂಗಳುಗಳಲ್ಲಿ ಮತ್ತೆ ತುಸು ಚೇತರಿಸಿದವು. ಕುಸಿತ ಅನ್ನುವಂಥದ್ದು ಕಾಣಲಿಲ್ಲ. ಖರ್ಚಿಲ್ಲದ, ರೂಢಿಗೆ ಬೀಳುವ ಕೆಲಸ ಉಳಿಯಿತು. ದಿನದಿನವೂ ಏನನ್ನಾದರೂ ಬಿಟ್ಟುಕೊಡಬೇಕಾದ ಕೆಲಸ ಸವೆಯಿತು. ಎಲ್ಲಕ್ಕೂ ಒಂದೇ ಸುಸ್ತು ಕಾರಣ ಆಗಿದ್ದರೆ ಮಾಸ್ಕೂ ಇಳಿಯಬೇಕಿತ್ತು.

ಬಿಟ್ಟುಕೊಡಲು ಆಗದವರ ಕಥೆ ಇನ್ನೂ ಬೇರೆ. ಬ್ರಿಟನ್ನಿನಲ್ಲಿ ರೋಗಲಕ್ಷಣ ಬಂದರೆ ಮನೆಯೊಳಗೇ ಪ್ರತ್ಯೇಕವಾಗಿ ಇರುತ್ತೀರಾ ಎಂದು ಕೇಳಿದರೆ ಹತ್ತರಲ್ಲಿ ಸುಮಾರು ಏಳು ಮಂದಿ ಹೌದು ಅನ್ನುತ್ತಿದ್ದರು. ನಿಜವಾಗಿ ಲಕ್ಷಣ ಬಂದವರಲ್ಲಿ ಪೂರ್ತಿ ಹಾಗೆ ಇದ್ದವರು ಅರ್ಧಕ್ಕಿಂತ ಕಡಿಮೆ. ಬ್ರಿಟಿಷ್ ಮೆಡಿಕಲ್ ಜರ್ನಲ್ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅಂಕಿ ಶೇ. 42.5. ಇದನ್ನು ನೋಡಿ "ನೋಡಿ, ಜನಕ್ಕೆ ಜವಾಬ್ದಾರಿ ಇಲ್ಲ" ಅನ್ನುವುದು ಸುಲಭ. ಪಾಲಿಸದವರು ಯಾರು ಎಂದು ಆ ಅಧ್ಯಯನದಲ್ಲೇ ಇದೆ. ಕೈಯಲ್ಲಿ ದುಡ್ಡಿಲ್ಲದವರು. ಮನೆಯಲ್ಲಿ ಚಿಕ್ಕ ಮಕ್ಕಳು ಇರುವವರು. ಕೆಲಸಕ್ಕೆ ಹೋಗಲೇಬೇಕಾದ ಅಗತ್ಯ ಸೇವೆಗಳವರು. ಜೊತೆಗೆ ಗಂಡಸರು ಮತ್ತು ಕಡಿಮೆ ವಯಸ್ಸಿನವರು. ಹತ್ತು ದಿನ ಮನೆಯಲ್ಲಿ ಕೂತರೆ ಹತ್ತು ದಿನದ ದುಡಿಮೆ ಹೋಗುತ್ತದೆ ಅನ್ನುವವನ ಮನಸ್ಸಿನಲ್ಲಿ ನಿಯಮಕ್ಕೆ ವಿರೋಧ ಇರಬೇಕಾಗಿಲ್ಲ. ಅವನು ಸಮೀಕ್ಷೆಯಲ್ಲಿ ನಿಯಮ ಸರಿ ಅನ್ನುತ್ತಾನೆ, ಬೆಳಗ್ಗೆ ಎದ್ದು ಕೆಲಸಕ್ಕೂ ಹೋಗುತ್ತಾನೆ. ಅಭಿಪ್ರಾಯ ಒಂದು, ಅನುಕೂಲ ಇನ್ನೊಂದು. ನಿರ್ಬಂಧಗಳ ಬಗ್ಗೆ ಬರೆದವರು, ಮಾತಾಡಿದವರು ಹೆಚ್ಚಿನವರು ಮನೆಯಿಂದಲೇ ಕೆಲಸ ಮಾಡಬಲ್ಲವರಾಗಿದ್ದರು. ಅದಕ್ಕೇ ಈ ಭಾಗ ಚರ್ಚೆಯಲ್ಲಿ ಯಾವಾಗಲೂ ಹಿಂದೆ ಉಳಿಯಿತು.

ಹಾಗಾದರೆ ಸುಸ್ತು ಸುಳ್ಳಾ? ಖಂಡಿತ ಅಲ್ಲ. ಡೆನ್ಮಾರ್ಕಿನ ಸಂಶೋಧಕರ ತಂಡವೊಂದು 2020ರ ಸೆಪ್ಟೆಂಬರ್‌ನಿಂದ 2021ರ ಜುಲೈವರೆಗೆ ಎಂಟು ದೇಶಗಳಲ್ಲಿ ಜನರನ್ನು ಮತ್ತೆ ಮತ್ತೆ ಕೇಳಿತು. ಕಾಲ ಕಳೆದಂತೆ, ನಿಯಮ ಬಿಗಿಯಾದಂತೆ "ಇನ್ನು ನನ್ನಿಂದ ಆಗಲ್ಲ" ಅನ್ನುವವರು ಹೆಚ್ಚಿದರು. ಆದರೆ ಆ ಸುಸ್ತು ಹೋಗಿ ಸೇರಿದ್ದು ರಾಜಕೀಯದಲ್ಲಿ. ಸರ್ಕಾರದ ಮೇಲೆ ಸಿಟ್ಟು, ಪ್ರತಿಭಟನೆಗೆ ಬೆಂಬಲ, ಪಿತೂರಿಯ ಕಥೆಗಳ ಮೇಲೆ ನಂಬಿಕೆ, ಇವೆಲ್ಲ ಸುಸ್ತಿನ ಜೊತೆಗೇ ಏರಿದವು. ಜನ ಮಾಸ್ಕ್ ಹಾಕಿಕೊಂಡೇ ಬೈದರು. ನಿಯಮ ಪಾಲನೆ ಚೆನ್ನಾಗಿದೆ, ಹಾಗಾಗಿ ಜನರ ಒಪ್ಪಿಗೆ ಇದೆ ಎಂದು ಲೆಕ್ಕ ಹಾಕಿದ ಸರ್ಕಾರಗಳು ಇಲ್ಲೇ ಎಡವಿದವು.

ಆ ಸಿಟ್ಟು ಯಾವಾಗ ಹೊತ್ತಿಕೊಳ್ಳುತ್ತದೆ? ಬರೀ ದಿನ ಎಣಿಸಿದರೆ ಉತ್ತರ ಸಿಗುವುದಿಲ್ಲ. ಮೆಲ್ಬರ್ನ್ ನೋಡಿ. 2020 ಮತ್ತು 2021ರಲ್ಲಿ ಆರು ಲಾಕ್‌ಡೌನ್, ಒಟ್ಟು 262 ದಿನ. 2020ರ ಎರಡನೇ ಲಾಕ್‌ಡೌನ್‌ನಲ್ಲಿ ಒಂದು ಹಂತದಲ್ಲಿ ರಾತ್ರಿ ಕರ್ಫ್ಯೂ ಇತ್ತು, ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗುವಂತಿರಲಿಲ್ಲ. ಬೀದಿಯಲ್ಲಿ ಪ್ರತಿಭಟನೆ ನಡೆಯಿತು, 2021ರ ಸೆಪ್ಟೆಂಬರ್‌ನಲ್ಲಿ ಜೋರಾಗಿಯೇ ನಡೆಯಿತು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಮುಖ್ಯಮಂತ್ರಿಯ ಕಥೆ ಮುಗಿಯಿತು ಎಂದು ಎಷ್ಟೋ ಮಂದಿ ಬರೆದರು. 2022ರ ನವೆಂಬರ್ ಚುನಾವಣೆಯಲ್ಲಿ ಅದೇ ಡೇನಿಯಲ್ ಆಂಡ್ರ್ಯೂಸ್ ಅವರ ಲೇಬರ್ ಪಕ್ಷ ಬಹುಮತದಿಂದ ಮತ್ತೆ ಗೆದ್ದಿತು. ಮತ ಹಾಕಲು ಬೇರೆ ಕಾರಣಗಳೂ ಇದ್ದವು, ಸರಿ. ಆದರೂ ಜನಕ್ಕೆ ಅದು ಯಾವತ್ತೂ ಬೇಕಿರಲಿಲ್ಲ ಅನ್ನುವವರಿಗೆ ಇದು ಕಷ್ಟದ ಪ್ರಶ್ನೆ.

ಚೀನಾದಲ್ಲಿ ಕಥೆ ತಿರುಗಿತು. 2020ರ ಜನವರಿ 23ರಿಂದ ಏಪ್ರಿಲ್ 8ರವರೆಗೆ ವುಹಾನ್ ನಗರ 76 ದಿನ ಮುಚ್ಚಿತ್ತು. ಅದಾದ ಮೇಲೆ ಸುಮಾರು ಎರಡು ವರ್ಷ ದೇಶದ ಹೆಚ್ಚಿನ ಕಡೆ ಬದುಕು ಬಹುಪಾಲು ಮಾಮೂಲಾಗಿಯೇ ನಡೆಯಿತು. ಹೊರಗಿನ ಜಗತ್ತಿನಲ್ಲಿ ಸಾವುಗಳ ಸುದ್ದಿ ಬರುತ್ತಿದ್ದಾಗ, ನಾವು ಪಟ್ಟ ಕಷ್ಟಕ್ಕೆ ಫಲ ಇದೆ ಎಂದು ನಂಬಲು ಕಾರಣ ಇತ್ತು. ಒಮಿಕ್ರಾನ್ ಬಂದ ಮೇಲೆ ಆ ಲೆಕ್ಕ ಕೆಟ್ಟಿತು. ಎಷ್ಟು ಮುಚ್ಚಿದರೂ ವೈರಸ್ ಮತ್ತೆ ಮತ್ತೆ ಬಂತು. 2022ರಲ್ಲಿ ಶಾಂಘೈ ಎರಡು ತಿಂಗಳು ಬಾಗಿಲು ಹಾಕಿತು. ಊಟದ ಸಾಮಾನು ಸಿಗುತ್ತಿಲ್ಲ ಎಂಬ ದೂರು ಕಿಟಕಿಗಳಿಂದ ಕೂಗಾಗಿ ಬಂತು. ನವೆಂಬರ್‌ನಲ್ಲಿ ಟೀವಿ ಹಾಕಿದರೆ ಕತಾರ್ ವಿಶ್ವಕಪ್‌ನಲ್ಲಿ ಮಾಸ್ಕ್ ಇಲ್ಲದೆ ಕುಣಿಯುವ ಜನಸಾಗರ. ನವೆಂಬರ್ 24ರಂದು ಉರುಮ್ಚಿಯ ಒಂದು ಕಟ್ಟಡದಲ್ಲಿ ಬೆಂಕಿ ಬಿದ್ದು ಹತ್ತು ಮಂದಿ ಸತ್ತರು. ಆ ನಗರದಲ್ಲಿ ನೂರಕ್ಕೂ ಹೆಚ್ಚು ದಿನದಿಂದ ನಿರ್ಬಂಧ ಇತ್ತು. ಅದರಿಂದಲೇ ಅವರು ತಪ್ಪಿಸಿಕೊಳ್ಳಲಾಗಲಿಲ್ಲ ಎಂದು ಜನ ನಂಬಿದರು. ಅಧಿಕಾರಿಗಳು ಅಲ್ಲಗಳೆದರು. ಯಾರೂ ಅದನ್ನು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಹಲವು ನಗರಗಳಲ್ಲಿ ಖಾಲಿ ಬಿಳಿ ಹಾಳೆ ಹಿಡಿದು ಜನ ಬೀದಿಗೆ ಬಂದರು. ಡಿಸೆಂಬರ್ 7ಕ್ಕೆ ಹೆಚ್ಚಿನ ನಿಯಮಗಳನ್ನು ಸರ್ಕಾರ ಸಡಿಲಿಸಿತು.

ಮೆಲ್ಬರ್ನ್‌ಗೂ ಇದಕ್ಕೂ ಏನು ವ್ಯತ್ಯಾಸ? ಆಡಳಿತದ ರೀತಿಯೇ ಬೇರೆ, ಅದು ಗೊತ್ತಿರುವುದೇ. ನನ್ನ ಕಣ್ಣಿಗೆ ಬೀಳುವುದು ಇನ್ನೊಂದು. ಮೆಲ್ಬರ್ನ್‌ನಲ್ಲಿ 2020ರ ಸೆಪ್ಟೆಂಬರ್‌ನಲ್ಲೇ ಒಂದು ಪಟ್ಟಿ ಪ್ರಕಟಿಸಿದ್ದರು. ದಿನಕ್ಕೆ ಸೋಂಕು ಇಷ್ಟಕ್ಕೆ ಇಳಿದರೆ ಇದು ತೆರೆಯುತ್ತದೆ, ಅಷ್ಟಕ್ಕೆ ಇಳಿದರೆ ಅದು. 2021ರಲ್ಲಿ ಲಸಿಕೆಯ ಶೇಕಡಾವಾರು ಗುರಿ ಇತ್ತು. ಗುರಿ ಮುಟ್ಟಿದಾಗ ತೆರೆದರು. ಬಸ್ಸು ಒಂದು ಗಂಟೆ ತಡ ಎಂದು ಹೇಳಿದರೆ ಜನ ಗೊಣಗಿಕೊಂಡು ಕೂರುತ್ತಾರೆ, ಬರುತ್ತೋ ಇಲ್ಲವೋ ಹೇಳದಿದ್ದರೆ ಹತ್ತು ನಿಮಿಷಕ್ಕೇ ಜಗಳ. ಚೀನಾದಲ್ಲಿ 2022ರ ಕೊನೆಗೆ ಬಸ್ಸಿನ ಸುದ್ದಿಯೇ ಇರಲಿಲ್ಲ.

ಕೊನೆ ಯಾವಾಗ ಎಂದು ಗೊತ್ತಿರುವುದು ಒಂದು. ಎರಡನೆಯದು ಸಮಾನತೆ, ಅಂದರೆ ನಿಯಮ ಎಲ್ಲರಿಗೂ ಒಂದೇ ಆಗಿರುವುದು. ಇದರ ಮುಂದೆ ಮಿಕ್ಕ ಕಾರಣಗಳೆಲ್ಲ ಸಣ್ಣವು ಅಂತ ನನ್ನ ಅಭಿಪ್ರಾಯ. 2020ರ ಮೇ 22ರಂದು ಬ್ರಿಟನ್ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ಪ್ರಧಾನಿಯ ಮುಖ್ಯ ಸಲಹೆಗಾರ ಡೊಮಿನಿಕ್ ಕಮಿಂಗ್ಸ್ ಲಾಕ್‌ಡೌನ್ ನಡುವೆಯೇ ಕುಟುಂಬದ ಜೊತೆ ಲಂಡನ್ನಿನಿಂದ ದೂರದ ಡರಮ್‌ವರೆಗೆ ಕಾರಿನಲ್ಲಿ ಹೋಗಿದ್ದರು. ಅವರು ರಾಜೀನಾಮೆ ಕೊಡಲಿಲ್ಲ, ಪ್ರಧಾನಿ ಬೆಂಬಲಕ್ಕೆ ನಿಂತರು. ಆ ಹೊತ್ತಿಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಒಂದು ತಂಡ ಸಾವಿರಾರು ಜನರ ಅಭಿಪ್ರಾಯವನ್ನು ನಿಯಮಿತವಾಗಿ ದಾಖಲಿಸುತ್ತಾ ಇತ್ತು. ಹಾಗಾಗಿ ಈ ಒಂದು ಘಟನೆಯ ಪರಿಣಾಮ ಅಳೆಯಲು ಸಿಕ್ಕಿತು. ಸುದ್ದಿ ಬಂದ ದಿನದಿಂದ ಇಂಗ್ಲೆಂಡಿನಲ್ಲಿ ಸರ್ಕಾರದ ಮೇಲಿನ ನಂಬಿಕೆ ಧಡಕ್ಕನೆ ಇಳಿಯಿತು. ಸ್ಕಾಟ್ಲೆಂಡ್, ವೇಲ್ಸ್ ಜನರಿಗೆ ತಮ್ಮ ತಮ್ಮ ಸರ್ಕಾರಗಳ ಮೇಲಿದ್ದ ನಂಬಿಕೆ ಹಾಗೆ ಇಳಿಯಲಿಲ್ಲ. ಅದೇ ವೈರಸ್, ಹೆಚ್ಚುಕಡಿಮೆ ಅಷ್ಟೇ ದಿನದ ನಿರ್ಬಂಧ. ಸುಸ್ತೇ ಕಾರಣ ಆಗಿದ್ದರೆ ಮೂರೂ ಕಡೆ ಒಂದೇ ಥರ ಇಳಿಯಬೇಕಿತ್ತು, ಅಲ್ವಾ? ಲಾಕ್‌ಡೌನ್ ಕಾಲದಲ್ಲಿ ನಿಯಮ ಮುರಿದು ನಡೆದ ಪಾರ್ಟಿ ವಿಷಯದಲ್ಲಿ 2022ರಲ್ಲಿ ಪ್ರಧಾನಿಗೇ ಪೊಲೀಸರು ದಂಡ ಹಾಕಿದಾಗ ಜನರಿಗೆ ಬಂದ ಸಿಟ್ಟು ಆ ದಿನದ್ದಲ್ಲ. ಎರಡು ವರ್ಷದ ಹಿಂದೆ ಅಪ್ಪ ಅಮ್ಮನ ಕೊನೆಯ ದಿನಗಳಲ್ಲಿ ಹತ್ತಿರ ಇರಲಾಗದವರ ಸಿಟ್ಟು ಅದು.

ಇದೇನೂ ಹೊಸದಲ್ಲ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮಾಸ್ಕ್ ಕಡ್ಡಾಯ ಮಾಡಿತು. ಮೊದಲ ಸುತ್ತಿನಲ್ಲಿ ಜನ ಬಹಳ ಮಟ್ಟಿಗೆ ಪಾಲಿಸಿದರು. ಅದರ ನಡುವೆ ಬಾಕ್ಸಿಂಗ್ ಪಂದ್ಯ ನೋಡುತ್ತಾ ಕೂತಿದ್ದ ಮೇಯರ್ ಮತ್ತು ನಗರದ ಆರೋಗ್ಯಾಧಿಕಾರಿ ಮಾಸ್ಕ್ ಇಲ್ಲದೆ ಫೋಟೊದಲ್ಲಿ ಸಿಕ್ಕಿಬಿದ್ದರು! ಇಬ್ಬರೂ ದಂಡ ಕಟ್ಟಿದರು. ನವೆಂಬರ್ 21ಕ್ಕೆ ನಿಯಮ ತೆಗೆದರು, ಜನವರಿಯಲ್ಲಿ ಮತ್ತೆ ತಂದರು. ಎರಡನೇ ಸಲ ಮಾಸ್ಕ್ ವಿರೋಧಿ ಸಂಘವೇ ಹುಟ್ಟಿತು. ಅದರ ಸಭೆಗೆ ಸುಮಾರು 2,000 ಮಂದಿ ಸೇರಿದರು. ಫೆಬ್ರುವರಿ 1ಕ್ಕೆ ನಿಯಮ ಹೋಯಿತು. ಒಮ್ಮೆ ಮುಗಿಯಿತು ಎಂದು ಹೇಳಿ ಮತ್ತೆ ಶುರು ಮಾಡಿದಾಗ ಜನ ಮೊದಲಿನ ಥರ ಇರುವುದಿಲ್ಲ. 2020ರ ಚಳಿಗಾಲದಲ್ಲಿ ಯುರೋಪಿನ ಹಲವು ದೇಶಗಳು ಇದನ್ನೇ ಕಂಡವು.

ಅರ್ಥವಾಗದ ನಿಯಮಗಳೂ ಸಿಟ್ಟು ಬರಿಸುತ್ತವೆ. ಕುರ್ಚಿಯವರೆಗೆ ಮಾಸ್ಕ್ ಹಾಕಿಕೊಂಡು ನಡೆದು, ಕೂತ ಮೇಲೆ ತೆಗೆಯುವುದು. ಗಾಳಿಯಾಡುವ ಬಯಲಲ್ಲಿ ಅಪಾಯ ಕಡಿಮೆ ಎಂದು ಗೊತ್ತಾದ ಮೇಲೂ ಉದ್ಯಾನಕ್ಕೆ ಬೀಗ. ಇಂಥವುಗಳಿಗೆ ವಿವರಣೆ ಸಿಗದಿದ್ದಾಗ, ಚೆನ್ನಾಗಿರುವ ನಿಯಮಗಳೂ ಸುಮ್ನೆ ಅನುಮಾನಕ್ಕೆ ಸಿಕ್ಕಿಕೊಳ್ಳುತ್ತವೆ.

ಇನ್ನು ಸಮೀಕ್ಷೆ ಓದುವಾಗ ಒಂದು ಎಚ್ಚರ. ನಿಮ್ಮ ಪರವಾಗಿ ಇರುವ ಅಂಕಿ ಕಂಡ ಕೂಡಲೇ ಅಣ್ಣನಿಗೆ ತೋರಿಸಲು ಹೋಗಬೇಡಿ. 2021ರ ಜುಲೈನಲ್ಲಿ ಇಪ್ಸೊಸ್ ಸಂಸ್ಥೆ ದಿ ಇಕಾನಮಿಸ್ಟ್ ಪತ್ರಿಕೆಗಾಗಿ ಬ್ರಿಟನ್ನಿನಲ್ಲಿ ಒಂದು ವಿಚಿತ್ರ ಪ್ರಶ್ನೆ ಕೇಳಿತು. ಕೋವಿಡ್ ಅಪಾಯ ಇರಲಿ ಇಲ್ಲದಿರಲಿ, ಯಾವ ನಿರ್ಬಂಧ ಶಾಶ್ವತವಾಗಿ ಇರಬೇಕು? ಅಂಗಡಿ, ಬಸ್ಸುಗಳಲ್ಲಿ ಮಾಸ್ಕ್ ಇರಲಿ ಅಂದವರು ಶೇ. 40. ಅದು ಬಿಡಿ. ರಾತ್ರಿ ಹತ್ತರ ಮೇಲೆ ಸಕಾರಣವಿಲ್ಲದೆ ಮನೆಯಿಂದ ಹೊರಗೆ ಹೋಗಬಾರದು, ಅದೂ ಎಂದೆಂದಿಗೂ, ಅಂದವರು ಶೇ. 19! ಐವರಲ್ಲಿ ಒಬ್ಬರು ನಿಜಕ್ಕೂ ಸಾಯುವವರೆಗೆ ಕರ್ಫ್ಯೂ ಬಯಸಿದ್ದರೇ? ನನಗೆ ನಂಬಿಕೆ ಇಲ್ಲ. ಉತ್ತರ ಕೊಡುವವರಿಗೆ ಅದರಿಂದ ಏನೂ ಖರ್ಚಿಲ್ಲ. ರಾತ್ರಿ ಹತ್ತಕ್ಕೆ ಹೇಗೂ ಮಲಗುವವರು ಮುಚ್ಚುತ್ತಿದ್ದದ್ದು ಬೇರೆಯವರ ರಾತ್ರಿಯನ್ನು. ಜೊತೆಗೆ, ಆ ವಾರಗಳಲ್ಲಿ ಕಟ್ಟುನಿಟ್ಟಿನ ಪರ ಇರುವುದೇ ಒಳ್ಳೆಯತನದ ಗುರುತು ಎಂದು ಬಹಳ ಮಂದಿ ಅಂದುಕೊಂಡಿದ್ದರು. "ನೀವು ನಿಯಮ ಪಾಲಿಸುತ್ತೀರಾ" ಎಂಬ ಪ್ರಶ್ನೆಗೂ ಇದೇ ತೊಂದರೆ. ನಾನು ಪಾಲಿಸುತ್ತೇನೆ, ಪಕ್ಕದವರು ಪಾಲಿಸುವುದಿಲ್ಲ ಎಂದು ಎಲ್ಲರೂ ಹೇಳಿದರೆ ಲೆಕ್ಕ ಎಲ್ಲೋ ತಪ್ಪಿದೆ ಎಂದೇ ಅರ್ಥ.

ನಿಮ್ಮ ಮನೆಯ ಜಗಳದ ಬೇರು ಬಹುಶಃ ನೆನಪಿನಲ್ಲಿದೆ. ಜರ್ಮನಿಯ ಸಂಶೋಧಕರು ಸೇರಿ ಮಾಡಿದ ಒಂದು ಅಧ್ಯಯನ 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. 2020–21ರಲ್ಲಿ ಕೋವಿಡ್ ಬಗ್ಗೆ ನಿಮಗೆ ಎಷ್ಟು ಭಯ ಇದೆ, ಸರ್ಕಾರದ ಮೇಲೆ ಎಷ್ಟು ನಂಬಿಕೆ ಇದೆ ಎಂದು ಹೇಳಿದ್ದವರನ್ನೇ ಮತ್ತೆ ಹಿಡಿದು, "ಆಗ ನೀವು ಏನು ಹೇಳಿದ್ದಿರಿ?" ಎಂದು ಕೇಳಿದರು. ಲಸಿಕೆ ಹಾಕಿಸಿಕೊಂಡವರು ಆಗಿನ ತಮ್ಮ ಭಯವನ್ನು ಇದ್ದದ್ದಕ್ಕಿಂತ ಹೆಚ್ಚು ಎಂದು ನೆನೆದರು. ಹಾಕಿಸಿಕೊಳ್ಳದವರು ಕಡಿಮೆ ಎಂದು ನೆನೆದರು. ತಮ್ಮ ನಿಲುವಿಗೆ ಯಾರು ಹೆಚ್ಚು ಅಂಟಿಕೊಂಡಿದ್ದರೋ ಅವರ ನೆನಪು ಹೆಚ್ಚು ಸೊಟ್ಟ. ಸರಿಯಾಗಿ ನೆನಪಿಸಿಕೊಂಡರೆ ದುಡ್ಡು ಕೊಡುತ್ತೇವೆ ಅಂದರೂ ನೆನಪು ನೆಟ್ಟಗಾಗಲಿಲ್ಲ. ಹಾಗಾಗಿ ನಿಮ್ಮ ಅಣ್ಣ ಸುಳ್ಳು ಹೇಳುತ್ತಿಲ್ಲ. ಈಗಿನ ಅಭಿಪ್ರಾಯವನ್ನೇ ಅವರು ಆಗಿನದ್ದು ಅಂದುಕೊಂಡಿದ್ದಾರೆ. ನೀವೂ ಅಷ್ಟೇ ಮಾಡುತ್ತಿರಬಹುದು. 2020ರ ಏಪ್ರಿಲ್, ಮೇ ತಿಂಗಳ ನಿಮ್ಮ ಮನೆಯ ವಾಟ್ಸಾಪ್ ಗುಂಪಿನ ಸಂದೇಶಗಳು ಉಳಿದಿದ್ದರೆ ಇಬ್ಬರೂ ಕೂತು ಓದಿ. ಅದಕ್ಕಿಂತ ಒಳ್ಳೆಯ ದಾಖಲೆ ನಾನು ಕೊಡಲಾರೆ.

ಕೊನೆಯ ಪ್ರಶ್ನೆ, ಮುಂದಿನ ಸಲ ಜನ ಕೇಳುತ್ತಾರಾ. ರೋಗ ಎಷ್ಟು ಭಯಂಕರ, ಯಾರನ್ನು ಹೆಚ್ಚು ಕಾಡುತ್ತದೆ ಎಂಬುದರ ಮೇಲೆ ಮೊದಲ ವಾರಗಳು ನಿಂತಿರುತ್ತವೆ. ಮಕ್ಕಳನ್ನು ಕೊಲ್ಲುವ ಸೋಂಕು ಬಂದರೆ ಯಾವ ಸರ್ಕಾರದ ಆದೇಶಕ್ಕೂ ಜನ ಕಾಯುವುದಿಲ್ಲ. ಆಮೇಲಿನ ತಿಂಗಳುಗಳು ನಂಬಿಕೆಯ ಮೇಲೆ ನಡೆಯುತ್ತವೆ. ಡೆನ್ಮಾರ್ಕ್ ಒಳ್ಳೆಯ ಉದಾಹರಣೆ. 2022ರ ಫೆಬ್ರುವರಿ 1ರಂದು, ಸೋಂಕಿನ ಸಂಖ್ಯೆ ಮೇಲೇ ಇರುವಾಗ, ಅಲ್ಲಿನ ಸರ್ಕಾರ ಹೆಚ್ಚುಕಡಿಮೆ ಎಲ್ಲಾ ನಿರ್ಬಂಧ ತೆಗೆದುಹಾಕಿತು. ಲಸಿಕೆ ಆಗಿದೆ, ಆಸ್ಪತ್ರೆಗಳು ತಡೆದುಕೊಳ್ಳುತ್ತವೆ, ಇನ್ನು ಇದರ ಅಗತ್ಯ ಇಲ್ಲ ಎಂದು ಕಾರಣ ಹೇಳಿ ತೆಗೆಯಿತು. ಬೇಡದ ದಿನ ತೆಗೆದವರು ಬೇಕಾದ ದಿನ ಕೇಳಿದರೆ ಜನ ಕಿವಿಗೊಡುವ ಸಾಧ್ಯತೆ ಹೆಚ್ಚು.

ಎಲ್ಲಾ ಕಡೆ ಹಾಗೆ ಆಗಲಿಲ್ಲ. ಅಮೆರಿಕದಲ್ಲಿ ಅರ್ಧಕ್ಕಿಂತ ಹೆಚ್ಚು ರಾಜ್ಯಗಳು 2021ರ ಹೊತ್ತಿಗೇ ಆರೋಗ್ಯಾಧಿಕಾರಿಗಳ ಅಧಿಕಾರ ಮೊಟಕು ಮಾಡುವ ಕಾನೂನು ತಂದವು. ಅಂಥ ಕಡೆಗಳಲ್ಲಿ ಜನ ಮನಸ್ಸು ಬದಲಿಸಿ ಒಪ್ಪಿದರೂ ಆದೇಶ ಹೊರಡಿಸುವ ಅಧಿಕಾರ ಇರುವವರು ಯಾರು ಎಂಬುದನ್ನೇ ಮೊದಲು ತೀರ್ಮಾನಿಸಬೇಕಾಗುತ್ತದೆ.